ಕಾಲಲ್ಲಿ ಕಣ್ಣಿರುವ ಗೂಬೆ ಮತ್ತು ಒಂಬತ್ತನೇ ಆವೃತ್ತಿ

ಲೋಕದ ಅರ್ಧದಷ್ಟು ಕಂಪ್ಯೂಟರುಗಳು ಇವತ್ತು ಬೆಳಿಗ್ಗೆ ಸರಿಯಾಗಿ ಎದ್ದು ಕೂತದ್ದು ನನ್ನಿಂದ ಎಂಬುದನ್ನು ಮೊದಲಿಗೇ ದಾಖಲಿಸಿಬಿಡುತ್ತೇನೆ. ಇದು ಸುಳ್ಳು. ನಮ್ಮ ಮನೆಯ ಕಂಪ್ಯೂಟರೇ ಎದ್ದಿಲ್ಲ. ಅದರ ಮೇಲೆ ನನ್ನ ಹೆಂಡತಿ ಇಸ್ತ್ರಿ ಬಟ್ಟೆ ಪೇರಿಸಿಟ್ಟಿದ್ದಾಳೆ. ಆದರೆ ಮುಂದೆ ಹೇಳುವುದೆಲ್ಲ ನಿಜ, ನನ್ನ ಪಾಲಿನದೊಂದನ್ನು ಬಿಟ್ಟು.

ನಾನು ಸಾರ್ವಜನಿಕ ತಂತ್ರಾಂಶ ಭಂಡಾರದ ಸದಸ್ಯ. ಯಾರೋ ಎಲ್ಲೋ ಬರೆದ ತಂತ್ರಾಂಶವನ್ನು ಪ್ಯಾಕೇಜು ಕಟ್ಟಿ, ಬೇಕಾದವರು ಪುಕ್ಕಟೆ ಇಳಿಸಿಕೊಳ್ಳಲಿ ಎಂದು ಇಡುವ ಜಾಗ ಅದು. ಸರ್ಕಾರದ್ದಲ್ಲ, ಕಂಪನಿಯದ್ದಲ್ಲ, ಎಲ್ಲರದ್ದು. ಎಲ್ಲರದ್ದಾದ್ದರಿಂದ ಒಂದೊಂದು ಪ್ಯಾಕೇಜಿಗೂ ಒಬ್ಬ ಪಾಲಕನನ್ನು ನೇಮಿಸಲಾಗಿದೆ. ಬರೆದವರು ಹೊಸ ಆವೃತ್ತಿ ಬರೆದಾಗ ಹಳತನ್ನು ತೆಗೆದು ಹೊಸತನ್ನು ಇಡುವುದು ಪಾಲಕನ ಏಕೈಕ ಕೆಲಸ. ಸಂಬಳವಿಲ್ಲ, ಹೆಸರುಂಟು. ಹೆಸರಿನ ಆಸೆಗೆ ಕೆಲವರು ಕೈಗೆ ಸಿಕ್ಕ ಪ್ಯಾಕೇಜುಗಳನ್ನೆಲ್ಲ ತಬ್ಬಿಕೊಂಡು ಕೂತಿದ್ದಾರೆ. ಎಲ್ಲರಿಗಿಂತ ಹೆಚ್ಚು ತಬ್ಬಿಕೊಂಡವರು ಒಬ್ಬ ಹಲ್ಲಿನ ಡಾಕ್ಟರು. ಅವರ ಪ್ಯಾಕೇಜುಗಳಲ್ಲಿ ಕೆಲವು ಏನು ಮಾಡುತ್ತವೆಂದು ಅವರಿಗೇ ತಿಳಿಯದು. ಅದು ನಿಯಮಕ್ಕೆ ವಿರುದ್ಧವಲ್ಲ.

ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಮನೆಯ ಮುಂದಿನ ಕೋಣೆಯಲ್ಲಿ ಕಸೂತಿ ಅಂಗಡಿ ಇಟ್ಟಿದ್ದಾಳೆ. ಮಗಳು ಓದುವ ಶಾಲೆಯ ಸಮವಸ್ತ್ರಕ್ಕೆಲ್ಲ ಲಾಂಛನ ಹೊಲಿಯುವ ಕೆಲಸ ಈ ವರ್ಷ ಅವಳಿಗೆ ಸಿಕ್ಕಿತು. ಲಾಂಛನ ಒಂದು ಗೂಬೆ. ಅಗಲ ಕಣ್ಣು, ಅದರ ಕೆಳಗೆ "ಕಣ್ಣು ಬಿಟ್ಟು ನೋಡು" ಎಂಬ ಧ್ಯೇಯವಾಕ್ಯ. ಆ ಕೆಲಸವನ್ನೇ ನಂಬಿ ಅತ್ತಿಗೆ ಹಳೇ ಯಂತ್ರ ಮಾರಿ ಹೊಸ ಕಸೂತಿ ಯಂತ್ರ ತಂದಳು. ಶಾಲೆ ತೆರೆಯುವ ಹೊತ್ತಿಗೆ ಅಂಗಿಗಳು ಸಿದ್ಧವಾಗದಿದ್ದರೆ ಕೆಲಸ ಎದುರುಸಾಲಿನ ದರ್ಜಿಗೆ ಹೋಗುತ್ತದೆ. ಆತ ದಿನಾ ಬಾಗಿಲಲ್ಲಿ ನಿಂತು ಇವಳ ಅಂಗಡಿಯ ಕಡೆಗೇ ನೋಡಿ ಆಕಳಿಸುತ್ತಾನೆ.

ಯಂತ್ರಕ್ಕೆ ಚಿತ್ರವನ್ನು ಅರ್ಥ ಮಾಡಿಸುವ ತಂತ್ರಾಂಶ ನಮ್ಮ ಭಂಡಾರದ್ದೇ. ಹಾಕಿಕೊಟ್ಟವನು ನಾನೇ. ಮೊದಲ ಅಂಗಿ ಹೊರಬಂದಾಗ ಗೂಬೆಯ ಮುಖದಲ್ಲಿ ಕಣ್ಣಿರಲಿಲ್ಲ. ಗೂಬೆ ತನ್ನ ಎರಡು ಕಣ್ಣುಗಳನ್ನೂ ಕಾಲುಗುರಿನಲ್ಲಿ ಹಿಡಿದುಕೊಂಡು ಕೂತಿತ್ತು.

"ಇದೇನು ಮೈದುನ ಮಹಾಶಯರೇ?" ಅಂದಳು ಅತ್ತಿಗೆ.

"ಕಲೆ ಅತ್ತಿಗೆ."

"ಕಪಾಳಕ್ಕೆ ಬಾರಿಸ್ತೀನಿ."

ಪರಿಶೀಲಿಸಿದಾಗ ತಿಳಿದದ್ದು ಇಷ್ಟು: ನಮ್ಮಲ್ಲಿದ್ದದ್ದು ಎರಡನೇ ಆವೃತ್ತಿ, ಅಜ್ಜನ ಕಾಲದ್ದು. ಹೊಸ ಯಂತ್ರ ದಾರದ ಬಣ್ಣ ಬದಲಾಯಿಸಿದ ಕೂಡಲೇ ಆ ತಂತ್ರಾಂಶಕ್ಕೆ ಸೂಜಿ ಎಲ್ಲಿತ್ತೆಂಬುದು ಮರೆತುಹೋಗುತ್ತದೆ. ಕಣ್ಣನ್ನು ಚಿತ್ರದಲ್ಲಿ ಇದ್ದ ಹಾಗೇ ಬಿಟ್ಟರೆ ಕಾಲಿಗೆ ಬೀಳುತ್ತದೆ. ಮೇಲೆ ಸರಿಸಿ ಬರೆದರೆ ಜೇಬಿಗೆ.

ನಾನು ಜವಾಬ್ದಾರಿಯುತ ನಾಗರಿಕನಂತೆ ಭಂಡಾರದ ಪಟ್ಟಿಯಲ್ಲಿ ಆ ಪ್ಯಾಕೇಜಿನ ಪಕ್ಕದ "ಹಳತಾಗಿದೆ" ಗುಂಡಿ ಒತ್ತಿದೆ. ಕೆಂಪು ಚುಕ್ಕೆ ಮೂಡಿತು. ಅದಾಗಲೇ ಪಟ್ಟಿ ದಡಾರ ಎದ್ದ ಮೈಯಂತೆ ಕೆಂಪಗಿತ್ತು.

ಈ ಕೆಂಪು ಭಂಡಾರದ ಅಧ್ಯಕ್ಷರ ಕಣ್ಣಿಗೆ ಬಿತ್ತು. ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ವಾರ್ಷಿಕ ಸಮಾವೇಶ ಹತ್ತಿರ ಬಂದಿತ್ತು, ಪಟ್ಟಿಯನ್ನು ದ್ವಾರದಲ್ಲೇ ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ಗೊತ್ತಾಗಿತ್ತು, ಪಕ್ಕದ ಊರಿನ ಭಂಡಾರದ ಅಧ್ಯಕ್ಷರು ಮುಖ್ಯ ಅತಿಥಿ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ನಮ್ಮ ಕೋಣೆಯಲ್ಲಿ ತುರ್ತುಸಭೆ ಸೇರಿತು. "ಕೆಂಪುಮುಕ್ತ ಭಂಡಾರ" ಎಂಬ ಅಭಿಯಾನ ಘೋಷಣೆಯಾಯಿತು. ಮಾಡುವುದು ಹೇಗೆ ಎಂಬುದು ಮಾತ್ರ ಉಳಿಯಿತು.

"ಹಳತು ತೆಗೆದು ಹೊಸತು ಇಟ್ಟರಾಯಿತಲ್ಲ?" ಎಂದು ಹೊಸ ಸದಸ್ಯೆಯೊಬ್ಬಳು ಕೇಳಿದಳು. ಇಡೀ ಕೋಣೆ ಅವಳನ್ನು ಕನಿಕರದಿಂದ ನೋಡಿತು.

"ಅದಕ್ಕೆ ಒಂದೊಂದನ್ನೂ ಬಿಚ್ಚಿ ನೋಡಬೇಕಮ್ಮ," ಎಂದರು ಡಾಕ್ಟರು. "ನನ್ನ ಹತ್ತಿರ ಎಷ್ಟಿವೆ ಗೊತ್ತಾ?"

ಆಗ ಯಾರೋ ಒಬ್ಬ ಕಿಡಿಗೇಡಿ, "ಒಳಗಿನದು ಹಾಗೇ ಇರಲಿ ಬಿಡಿ, ಮೇಲಿನ ನಂಬರು ಬದಲಾಯಿಸಿ. ಎರಡು ಇದ್ದದ್ದನ್ನು ಒಂಬತ್ತು ಮಾಡಿ. ಯಾವ ಗುಂಡಿಗೆ ತಾನೇ ಗೊತ್ತಾಗುತ್ತದೆ?" ಅಂದ. ಅವನು ಯಾರೆಂದು ನಾನು ಹೇಳುವುದಿಲ್ಲ. ನನ್ನ ಕುರ್ಚಿಯಲ್ಲಿ ಕೂತಿದ್ದ, ನನ್ನ ಅಂಗಿ ತೊಟ್ಟಿದ್ದ, ಅಷ್ಟು ಗೊತ್ತು. ಅವನು ನಗುವಿಗಾಗಿ ಕಾದ. ಯಾರೂ ನಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ಸೂಚನೆ ಬಂದಿದೆ. ಅನುಮೋದಕರು ಯಾರು?" ಎಂದರು. ಕೈಗಳು ಎದ್ದವು. ಮರುದಿನ ಪ್ರಕಟಣೆ ಹೊರಬಿತ್ತು:

"ಭಂಡಾರದಲ್ಲಿರುವ ಸಮಸ್ತ ಹಳೆಯ ಪ್ಯಾಕೇಜುಗಳನ್ನು ಈ ಕೂಡಲೇ ಹೊಸದೆಂದು ಪರಿಗಣಿಸತಕ್ಕದ್ದು. ಪಾಲಕರು ಆವೃತ್ತಿಯ ಸಂಖ್ಯೆಯನ್ನು ತಮ್ಮ ಉತ್ಸಾಹಕ್ಕೆ ಅನುಗುಣವಾಗಿ ಏರಿಸತಕ್ಕದ್ದು. ಒಳಗಿನ ಸರಕನ್ನು ಮುಟ್ಟತಕ್ಕದ್ದಲ್ಲ. ಮುಟ್ಟಿದಲ್ಲಿ ಕೆಲಸ ಮಾಡುವ ಸಂಭವವಿರುತ್ತದೆ."

ಕೊನೆಯ ಮಾತು ನಾನು ಸೇರಿಸಿದ್ದು. ಉಳಿದದ್ದು ಅಕ್ಷರಶಃ ಅವರದ್ದೇ.

ಡಾಕ್ಟರು ತಮ್ಮೆಲ್ಲ ಪ್ಯಾಕೇಜುಗಳನ್ನು ಒಂದು ಮಧ್ಯಾಹ್ನ, ಒಬ್ಬ ರೋಗಿಯ ದವಡೆಗೆ ಮರಗಟ್ಟುವ ಮದ್ದು ಹತ್ತುವಷ್ಟರಲ್ಲಿ, ಒಂಬತ್ತಕ್ಕೆ ಏರಿಸಿದರು. ಪಟ್ಟಿ ಹಸಿರಾಯಿತು. ಇಳಿಸಿಕೊಂಡವರ ಕಂಪ್ಯೂಟರುಗಳೂ ರಾತ್ರೋರಾತ್ರಿ ತಾವಾಗಿಯೇ ಒಂಬತ್ತಕ್ಕೆ ಏರಿದವು. ಸಮಾವೇಶದಲ್ಲಿ ಮುಖ್ಯ ಅತಿಥಿ ಆ ಹಸಿರನ್ನು ನೋಡಿ, ತಮ್ಮವರಿನ್ನೂ ಐದಾರರಲ್ಲೇ ಒದ್ದಾಡುತ್ತಿದ್ದಾರೆಂದು ವೇದಿಕೆಯ ಮೇಲೇ ನೊಂದುಕೊಂಡರು.

ಸಮಾವೇಶ ಮುಗಿದ ವಾರವೇ ಕಸೂತಿ ತಂತ್ರಾಂಶ ಬರೆದಾಕೆ, ದೂರದ ಊರಿನವಳು, ಮೂರನೇ ಆವೃತ್ತಿ ಹೊರಗೆ ಬಿಟ್ಟಳು. ಹೊಸ ಯಂತ್ರಗಳಲ್ಲಿ ದಾರ ಬದಲಾದರೂ ಸೂಜಿ ಜಾಗ ಮರೆಯದು ಎಂದು ಅದರ ಮೊದಲ ಸಾಲಿನಲ್ಲೇ ಬರೆದಿದ್ದಳು. ನಾನು ಕುಣಿದಾಡಿಕೊಂಡು ಅತ್ತಿಗೆಯ ಅಂಗಡಿಗೆ ಹೋಗಿ ಅದನ್ನು ಹಾಕಲು ಕೂತೆ. ಕಂಪ್ಯೂಟರು ಸೌಜನ್ಯದಿಂದಲೇ ಹೇಳಿತು: ತಮ್ಮಲ್ಲಿ ಒಂಬತ್ತು ಇದೆ, ತಾವು ತಂದಿರುವುದು ಮೂರು, ಹೊಸತನ್ನು ತೆಗೆದು ಹಳತು ಹಾಕಲಾಗದು. ಒಂಬತ್ತನ್ನೇ ಕಿತ್ತುಹಾಕು ಅಂದೆ. ಅದನ್ನು ನಂಬಿಕೊಂಡಿರುವ ಇತರ ತಂತ್ರಾಂಶಗಳೂ ಹೊರಡುತ್ತವೆ, ಒಪ್ಪಿಗೆಯೇ ಎಂದು ಕೇಳಿತು. ಒಪ್ಪಿಗೆ ಅಂದೆ. ಪರದೆಯೇ ಹೊರಟುಹೋಯಿತು. ಅದನ್ನು ಸಮಾಧಾನ ಮಾಡಿ ವಾಪಸ್ಸು ಕರೆತರುವಾಗ ಜೊತೆಗೆ ಒಂಬತ್ತೂ ಬಂತು.

"ನಂಬರು ಬದಲಾಯಿಸಿದ್ದು ಯಾವ ಪುಣ್ಯಾತ್ಮ?" ಎಂದಳು ಅತ್ತಿಗೆ.

ನಾನು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದೆ. ಅವಳು ನನ್ನ ಮುಖ ನೋಡಿದಳು. ಕಾಲಲ್ಲಿ ಕಣ್ಣಿದ್ದ ಆ ಗೂಬೆಯನ್ನು ಅವತ್ತು ಅವಳು ನನ್ನ ಮೇಲೇ ಕೂರಿಸಿದಳು.

ನಾವಿಬ್ಬರೂ ಆ ಪ್ಯಾಕೇಜಿನ ಪಾಲಕರಾಗಿದ್ದ ಹಲ್ಲಿನ ಡಾಕ್ಟರ ಬಳಿಗೆ ಹೋದೆವು. ಅವರು ಒಬ್ಬರ ಬಾಯೊಳಗಿದ್ದರು.

"ಡಾಕ್ಟ್ರೇ, ಮೂರು ಬಂದಿದೆಯಂತೆ. ಅದನ್ನು ಇಟ್ಟುಬಿಡಿ," ಎಂದಳು ಅತ್ತಿಗೆ. "ಮಕ್ಕಳ ಅಂಗಿ ನಿಂತುಹೋಗಿದೆ."

"ಅಮ್ಮಾ, ನಮ್ಮಲ್ಲಿ ಒಂಬತ್ತಿದೆ."

"ಅದು ನೀವೇ ಬರೆದ ನಂಬರಲ್ಲವೇ?"

"ಬರೆದದ್ದು ನಾವೇ ಆದರೂ ಒಂಬತ್ತು ಒಂಬತ್ತೇ." ಡಾಕ್ಟರು ಕುರ್ಚಿಯಲ್ಲಿದ್ದ ರೋಗಿಯ ಕಡೆ ತಿರುಗಿದರು. "ನೀವೇ ಹೇಳಿ ಸ್ವಾಮಿ, ಮೂರು ದೊಡ್ಡದೋ ಒಂಬತ್ತು ದೊಡ್ಡದೋ?"

ರೋಗಿ "ಆಂ" ಎಂದ.

"ನೋಡಿ, ಸಾರ್ವಜನಿಕರ ಅಭಿಪ್ರಾಯವೂ ಅದೇ."

ಅಧ್ಯಕ್ಷರು ಇನ್ನಷ್ಟು ಕರುಣಾಳುಗಳು. ಅತ್ತಿಗೆಗೆ ಕುರ್ಚಿ ಕೊಟ್ಟರು, ಗೂಬೆಯ ಅಂಗಿಯನ್ನು ಕೈಗೆತ್ತಿಕೊಂಡು ನೋಡಿದರು, ಹೊಲಿಗೆ ಅಚ್ಚುಕಟ್ಟಾಗಿದೆ ಎಂದರು. ಒಂಬತ್ತರಿಂದ ಮೂರಕ್ಕೆ ಹೋಗುವುದು ಹಿಂಜರಿತ, ಬೈಲಾದಲ್ಲಿ ಮುನ್ನಡೆಗೆ ಮಾತ್ರ ಅವಕಾಶವಿದೆ ಎಂದು ವಿವರಿಸಿದರು. ಆಮೇಲೆ ಆ ದೂರದ ಲೇಖಕಿಗೇ ಒಂದು ಕೋರಿಕೆ ಹೋಯಿತು: ತಾವು ದಯವಿಟ್ಟು ಹತ್ತು ಎಂದು ಬರೆಯಬೇಕು. ಆಕೆ ಉತ್ತರಿಸಿದಳು: "ನಾನು ಬರೆದದ್ದು ಮೂರು ಸಲ, ಅದಕ್ಕೇ ಮೂರು. ಒಂಬತ್ತು ಸಲ ಬರೆದವರು ಯಾರೋ, ಅವರನ್ನೇ ಹತ್ತನೇ ಸಲ ಬರೆಯಲು ಹೇಳಿ." ಭಂಡಾರದ ನಡಾವಳಿಯಲ್ಲಿ ಇದು, "ಲೇಖಕಿಯವರು ಆವೃತ್ತಿಯಲ್ಲಿ ಹಿಂದುಳಿದಿದ್ದು, ಸುಧಾರಿಸಿಕೊಳ್ಳಲು ಅವರಿಗೆ ಕಾಲಾವಕಾಶ ನೀಡಲಾಗಿದೆ" ಎಂದು ದಾಖಲಾಯಿತು.

ಶಾಲೆ ತೆರೆಯುವ ದಿನ ಯಾರಿಗೂ ಕಾಲಾವಕಾಶ ಕೊಡಲಿಲ್ಲ. ಅತ್ತಿಗೆ ಕೆಲವು ಗೂಬೆಗಳ ಕಣ್ಣು ಬಿಚ್ಚಿ ಕೈಯಲ್ಲೇ ಹೊಲಿದು ನೋಡಿದಳು. ರಾಶಿಯ ಮುಂದೆ ಅದು ಏನೇನೂ ಅಲ್ಲ. ಎದುರಿನ ದರ್ಜಿ ಆಕಳಿಸುವುದು ಬಿಟ್ಟು ನಗತೊಡಗಿದ್ದ. ಕೊನೆಗೆ ಅವಳು ಕಾಲಲ್ಲಿ ಕಣ್ಣಿರುವ ಗೂಬೆಗಳನ್ನೇ ಕಟ್ಟಿ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟು, "ಮೇಡಂ, ತಪ್ಪಾಗಿದೆ. ವಾಪಸ್ಸು ಬೇಕಾದರೂ ಕಳಿಸಿ," ಎಂದಳು.

ಹೊತ್ತುಕೊಂಡು ಹೋದವನು ನಾನು. ಪಕ್ಕದಲ್ಲಿ ನಿಂತು, ನಾಲಿಗೆ ತಡೆಯದೆ, "ತಪ್ಪಲ್ಲ ಮೇಡಂ, ಇದು ಒಂಬತ್ತನೇ ಆವೃತ್ತಿ," ಎಂದುಬಿಟ್ಟೆ.

ಮುಖ್ಯೋಪಾಧ್ಯಾಯಿನಿ ಅಂಗಿಯನ್ನು ಬೆಳಕಿಗೆ ಹಿಡಿದರು. "ಒಂಬತ್ತನೆಯದೇ? ಬೇರೆ ಶಾಲೆಗಳಲ್ಲಿ?"

"ಅವರು ಇನ್ನೂ ಎರಡರಲ್ಲೇ ಇದ್ದಾರೆ. ಕಣ್ಣು ಮುಖದಲ್ಲಿ."

ಅವರು ದೀರ್ಘವಾಗಿ ಉಸಿರೆಳೆದುಕೊಂಡರು. ಮಾರನೆಯ ದಿನ ಮಕ್ಕಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದರು. ಮನುಷ್ಯ ಎಡವುವುದು ಕಾಲಿನಿಂದ, ಆದ್ದರಿಂದ ಕಣ್ಣು ಇರಬೇಕಾದ್ದು ಕಾಲಿನಲ್ಲಿ. ನಮ್ಮ ಶಾಲೆ ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡಿದೆ. ಪೋಷಕರು ಚಪ್ಪಾಳೆ ತಟ್ಟಿದರು. ಗಾರೆಯವನು ಏಣಿ ಹಾಕಿ ಗೇಟಿನ ಮೇಲಿದ್ದ ಸಿಮೆಂಟಿನ ಗೂಬೆಯ ಕಣ್ಣು ಕೆತ್ತಿ ತೆಗೆದು ಕಾಲಿಗೆ ಮೆತ್ತಿದ. ಭಂಡಾರದವರು ಇದರಿಂದ ಸಂತುಷ್ಟರಾಗಿ ಆ ಪ್ಯಾಕೇಜಿಗೆ ವರ್ಷದ ಪ್ರಶಸ್ತಿ ಕೊಟ್ಟರು. ಡಾಕ್ಟರು ಅದನ್ನು ಕ್ಲಿನಿಕ್ಕಿನಲ್ಲಿ, ಬಾಯಿ ತೆರೆದವರಿಗೆ ಕಾಣುವ ಹಾಗೆ, ಚಾವಣಿಗೆ ಅಂಟಿಸಿದ್ದಾರೆ. ಎದುರಿನ ದರ್ಜಿ ಹಳೇ ಯಂತ್ರದಲ್ಲಿ ಗೂಬೆಯ ಕಣ್ಣನ್ನು ಕಾಲಿಗೆ ಇಳಿಸಲಾಗದೆ ಕೈಚೆಲ್ಲಿದ. ಬೇರೆ ಶಾಲೆಗಳೂ ಅತ್ತಿಗೆಯ ಬಾಗಿಲಿಗೆ ಬಂದವು. ಒಂದಕ್ಕೆ ಸಿಂಹದ ಕಣ್ಣು ಬಾಲದಲ್ಲಿ ಬೇಕಂತೆ.

ಅತ್ತಿಗೆ ಗೆದ್ದಳು ಅಂತಲೇ ನಾನು ಊರೆಲ್ಲ ಹೇಳಿಕೊಂಡು ಬಂದೆ.

ಒಂದು ದಿನ ಅಂಗಡಿಯಲ್ಲಿ ಕೂತಿದ್ದಾಗ ಅವಳ ಮಗಳು ಪಾಠದ ಹೊತ್ತಿನಲ್ಲೇ ಮನೆಗೆ ಬಂದಳು. ಕಣ್ಣು ಊದಿತ್ತು.

"ಯಾಕೆ ಮರಿ?" ಅಂದೆ.

"ಹೊರಗೆ ಕಳಿಸಿದರು ಚಿಕ್ಕಪ್ಪ. ನನ್ನ ಗೂಬೆ ತಪ್ಪಂತೆ. ಸರಿ ಮಾಡಿಸಿಕೊಂಡು ಬಾ ಅಂದರು. ಎಲ್ಲರೂ ನಕ್ಕರು."

ಅವಳ ಅಂಗಿ ನೋಡಿದೆ. ಅತ್ತಿಗೆ ಆ ಒಂದು ಅಂಗಿಯನ್ನು ಯಂತ್ರಕ್ಕೆ ಕೊಟ್ಟಿರಲಿಲ್ಲ. ಇಡೀ ಗೂಬೆಯನ್ನು ಕೈಯಲ್ಲೇ ಹೊಲಿದಿದ್ದಳು. ಒಂದೊಂದು ಗರಿಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಎರಡು ಕಣ್ಣು, ಅಗಲವಾಗಿ, ಮುಖದಲ್ಲಿ. ಅದು ನನ್ನನ್ನೇ ನೋಡುತ್ತಿತ್ತು.

ಅತ್ತಿಗೆ ಮಗಳ ಅಂಗಿ ಬಿಚ್ಚಿಸಿಕೊಂಡಳು. ಚಿಕ್ಕ ಕತ್ತರಿಯಿಂದ ಆ ಎರಡು ಕಣ್ಣುಗಳ ದಾರವನ್ನು ಒಂದೊಂದೇ ಎಳೆಯಾಗಿ ಬಿಡಿಸಿದಳು. ಅದೇ ದಾರದಲ್ಲಿ ಕಾಲಿನ ಹತ್ತಿರ ಹೊಸ ಕಣ್ಣು ಹೊಲಿದು, ಗಂಟು ಹಾಕಿ, ಹಲ್ಲಿನಿಂದ ಕಡಿದಳು. ನನ್ನನ್ನು ಬಯ್ಯಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ನನ್ನನ್ನು ಬಯ್ಯದ ದಿನ ಅದೊಂದೇ.

"ಈಗ ಸರಿಯಾಯಿತು ನೋಡು," ಎಂದಳು ಮಗಳಿಗೆ. "ಓಡು."

ಹುಡುಗಿ ಕಣ್ಣೊರೆಸಿಕೊಂಡು ಓಡಿದಳು. ಎಲ್ಲವೂ ನಿಯಮದಂತೆ ನಡೆಯುತ್ತಿದೆ.

ಸರಿ, ನಿಮ್ಮ ಲೋಟವೂ ಬರಿದಾಯಿತು, ನನ್ನದೂ. ಚಹಾದ ದುಡ್ಡು ಇವತ್ತು ನೀವೇ ಕೊಟ್ಟುಬಿಡಿ. ನಾನೇ ಕೊಡುತ್ತಿದ್ದೆ, ದೇವರಾಣೆ. ಆದರೆ ನನ್ನ ಫೋನಿನಲ್ಲಿ ಹಣ ಕಟ್ಟುವ ತಂತ್ರಾಂಶವೂ ನಮ್ಮ ಭಂಡಾರದ್ದೇ, ಅದರ ಪಾಲಕರೂ ಡಾಕ್ಟರೇ. ಬಹಳ ಹೊಸದು. ತೆರೆದುಕೊಳ್ಳುವುದೇ ಇಲ್ಲ.