ಹೊಕ್ಕುಳಿದ್ದ ಗೋಲಿ

ಗಾಜಿನ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಕನ್ನಡಕದಂಗಡಿಯ ಯಜಮಾನ ನಂಬಿದ್ದ. ಆ ನಂಬಿಕೆ ಬೇರೆ ಯಾರಿಗೂ ಇರಲಿಲ್ಲ. ಗೀರಿರುವ ಒಂದು ಚೂರು ಗಾಜೂ ತನ್ನ ಅಂಗಡಿಯ ಹೊಸಿಲು ದಾಟಕೂಡದು ಎಂದು ಹೆಂಡತಿಗೆ ಹೊತ್ತುಹೊತ್ತಿಗೂ ಉಪದೇಶ ಮಾಡುತ್ತಿದ್ದ. ಉಜ್ಜುವ ಯಂತ್ರದ ಮುಂದೆ ಕೂತು ದುಡಿಯುವವಳು ಅವಳು, ಬಾಯಿ ಬಡಿದುಕೊಳ್ಳುವವನು ಇವನು.

ತೀರಿಕೊಂಡ ಮಾವ ತಮ್ಮ ಮಗಳಿಗೂ ಮಗನಿಗೂ ಎರಡು ಹಳೇ ಗೋಲಿ ಬಿಟ್ಟುಹೋಗಿದ್ದರು. ಅಂದು ಬೆಳಿಗ್ಗೆ ಅಂಗಡಿಯಲ್ಲೇ ಪಾಲು ನಡೆಯಿತು. ಹಂಚುವ ಹಿರಿತನವನ್ನು ಯಜಮಾನ, ಯಾರೂ ಕೇಳದಿದ್ದರೂ, ತಾನೇ ವಹಿಸಿಕೊಂಡ. ಒಂದು ಗೋಲಿ ನುಣ್ಣಗೆ ಥಳಥಳಿಸುತ್ತಿತ್ತು. ಇನ್ನೊಂದರ ಹೊಟ್ಟೆಯಲ್ಲಿ ಬಣ್ಣದ ಎಳೆಗಳು ಸುರುಳಿ ಸುತ್ತಿದ್ದವು, ಆದರೆ ತಳದಲ್ಲಿ ಒರಟು ಕಲೆ. ಕಲೆಯಿದ್ದದ್ದನ್ನು ಭಾವಮೈದನ ಕೈಗೆ ಹಾಕಿ, ಅಪ್ಪನ ನೆನಪಿಗೆ ಇಷ್ಟು ಸಾಕು ಎಂದ. ಆ ಸಾಧು ಪ್ರಾಣಿ ತಲೆಯಾಡಿಸಿತು.

ಪಕ್ಕದಂಗಡಿಯ ದರ್ಜಿಗೆ ಊರ ಉಸಾಬರಿಯೆಲ್ಲ ಬೇಕು. ಹಳೇ ಗೋಲಿಗಳಿಗೆ ಈಗ ಭಾರೀ ಬೆಲೆಯಂತೆ ಎಂದು ಅವನು ಯಜಮಾನನ ಕಿವಿಯೂದಿದ. ಯಜಮಾನ ಅಕ್ಕತಮ್ಮಂದಿರನ್ನು ಅಂಗಡಿಯಲ್ಲೇ ಬಿಟ್ಟು, ನುಣ್ಣನೆಯ ಗೋಲಿ ಹಿಡಿದು ಹಳೇ ಸಾಮಾನಿನ ವ್ಯಾಪಾರಿಯ ಹತ್ತಿರ ಓಡಿದ.

ವ್ಯಾಪಾರಿ ಭೂತಗನ್ನಡಿ ಹಿಡಿದು ಗೋಲಿಯನ್ನು ತಿರುಗಿಸಿ ನೋಡಿದ.

"ಇದಕ್ಕೆ ಹೊಕ್ಕುಳೇ ಇಲ್ವಲ್ಲ. ಮಿಷನ್ನಲ್ಲಿ ಮಾಡಿದ್ದು, ಮಕ್ಕಳಿಗೆ ಆಡೋಕೆ ಕೊಡಿ. ಕೈಯಲ್ಲಿ ಮಾಡಿದ್ದಾದ್ರೆ ಬಿಸಿ ಗಾಜಿನ ಕೋಲಿಂದ ಕತ್ತರಿಸಿರ್ತಾರೆ. ಕತ್ತರಿಸಿದ ಜಾಗದಲ್ಲಿ ಒರಟು ಕಲೆ ಉಳಿಯುತ್ತೆ, ಅದೇ ಹೊಕ್ಕುಳು. ಒಳಗೆ ಬಣ್ಣದ ಎಳೆ, ತಳದಲ್ಲಿ ಆ ಕಲೆ, ಅಂಥದ್ದು ಸಿಕ್ರೆ ತನ್ನಿ. ಕೇಳಿದಷ್ಟು ಕೊಡ್ತೀನಿ."

ಯಜಮಾನ ಅಲ್ಲಿಂದ ನೇರ ಭಾವಮೈದನ ಮನೆಗೆ ಓಡಿದ. ಅಲ್ಲಿ ಹಿರಿಯನಾದ ತನ್ನಿಂದ ಅನ್ಯಾಯವಾಯಿತು, ಚೆಂದದ ಗೋಲಿ ನಿನಗೇ ಸೇರಬೇಕು ಎಂದು ಗದ್ಗದನಾದ. ಭಾವಮೈದ ತನಗೆ ಸಿಕ್ಕಿದ್ದೇ ಸಾಕೆಂದ. ಅವನು ಬೇಡವೆಂದಷ್ಟೂ ಇವನಿಗೆ ಧರ್ಮಬುದ್ಧಿ ಹೆಚ್ಚಿತು. ಕೊನೆಗೆ ಅಜ್ಜನ ಕಾಲದ ಕೈಗಡಿಯಾರವನ್ನೂ ಬಿಚ್ಚಿ ಗೋಲಿಯ ಜೊತೆಗಿಟ್ಟ. ಭಾವಮೈದನ ಕಣ್ಣು ತುಂಬಿತು. ಬಟ್ಟೆಯಲ್ಲಿ ಸುತ್ತಿದ್ದ ತನ್ನ ಪಾಲನ್ನು ತಂದುಕೊಟ್ಟ. ಅವನ ಮನಸ್ಸು ಬದಲಾದೀತೆಂದು ಯಜಮಾನ ಗಂಟನ್ನು ಬಿಚ್ಚಿಯೂ ನೋಡದೆ ಓಡಿಬಂದ.

ವ್ಯಾಪಾರಿ ಗಂಟು ಬಿಚ್ಚಿದ. ಗೋಲಿ ನೀರ ಹನಿಯಂತೆ ಹೊಳೆಯುತ್ತಿತ್ತು. ಎಷ್ಟು ತಿರುಗಿಸಿದರೂ ಕಲೆ ಕಾಣಲಿಲ್ಲ.

"ಎಳೆ ನೋಡಿದ್ರೆ ಕೈಯಲ್ಲಿ ಮಾಡಿದ್ದೇ. ಯಾರೋ ಪುಣ್ಯಾತ್ಮರು ಉಜ್ಜಿ ಹಾಳು ಮಾಡಿದ್ದಾರೆ. ಇನ್ನು ಯಾರೂ ಮುಟ್ಟಲ್ಲ," ಎಂದ ವ್ಯಾಪಾರಿ. ಆಮೇಲೆ ತನ್ನ ಕನ್ನಡಕ ತೆಗೆದು ನೋಡಿಕೊಂಡ. "ಕೈಕೆಲಸ ಮಾತ್ರ ಬಲು ಅಚ್ಚುಕಟ್ಟು. ಈ ಕನ್ನಡಕದಲ್ಲೂ ಗೀರಿದೆ. ಯಾವಂಗಡೀಲಿ ಉಜ್ಜಿಸಿದ್ರಿ?"

ಜೀವನದಲ್ಲಿ ಮೊದಲ ಸಲ ಯಜಮಾನ ತನ್ನ ಅಂಗಡಿಯ ಹೆಸರು ಹೇಳಲಿಲ್ಲ.

ಸಂಜೆ ಅಂಗಡಿಗೆ ಹಿಂದಿರುಗಿದಾಗ ಹೆಂಡತಿ ಯಂತ್ರ ಒರೆಸುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಹೇಳಿದಳು: "ನೀವು ಅತ್ತ ಹೋದ್ಮೇಲೆ ತಮ್ಮನ ಗೋಲಿ ಉಜ್ಜಿಕೊಟ್ಟೆ. ಗೀರಿರೋ ಗಾಜು ಹೊಸಿಲು ದಾಟಬಾರದು ಅಂತೀರಲ್ಲ, ಇವತ್ತಾದ್ರೂ ನಿಮ್ಮ ಮಾತು ನಡೆಸಿದ್ದೀನಿ. ಅದಿರ್ಲಿ, ಊಟನೂ ಬಿಟ್ಟು ಎಲ್ಲಿ ಹೋಗಿದ್ರಿ? ಗಂಟೆ ಎಷ್ಟಾಯ್ತು ನೋಡ್ಕೊಂಡ್ರಾ?"

ಯಜಮಾನ ಅಭ್ಯಾಸಬಲದಿಂದ ಬರಿ ಮಣಿಕಟ್ಟನ್ನು ನೋಡಿಕೊಂಡ.