ಇಬ್ಬರು ಬಂದರು, ಕರೆಂಟು ಹೋಯಿತು

"ಇನ್ನು ಮೇಲೆ ಈ ಮನೆಯಲ್ಲಿ ಸರ್ಟಿಫಿಕೇಟ್ ಇರೋ ಎಲೆಕ್ಟ್ರಿಷಿಯನ್‌ಗೆ ಮಾತ್ರ ಪ್ರವೇಶ! ಆರಿಸೋದು ನಾನು!" ಎಂದು ಹೆಂಡತಿಯ ಮುಂದೆ ಗುಡುಗಿದೆ.

ಗುಡುಗದೆ ಗತಿಯಿರಲಿಲ್ಲ. ಕಂಡಕಂಡವರು ಕೈಯಾಡಿಸಿದ ನಮ್ಮ ಹಳೇ ಮನೆಯಲ್ಲಿ ಗೀಸರ್ ಹಾಕಿದರೆ ಕರೆಗಂಟೆ ಹೊಡೆಯುತ್ತಿತ್ತು. ಅತ್ತೆಯವರು ಸ್ನಾನಕ್ಕೆ ಹೋದಾಗಲೆಲ್ಲ ನಾನು ಬಾಗಿಲು ತೆರೆಯಲು ಓಡುತ್ತಿದ್ದೆ. ಮೊನ್ನೆ ಅದೇ ಗೀಸರ್‌ನಿಂದ ಅವರಿಗೆ ಶಾಕ್ ಹೊಡೆಯಿತು. "ಅಮ್ಮನಿಗೆ ಇನ್ನೊಂದ್ಸಲ ಹೀಗಾದ್ರೆ ನೋಡಿ!" ಎಂದಳು ಹೆಂಡತಿ. ಏನು ನೋಡಬೇಕೆಂದು ಕೇಳುವ ಧೈರ್ಯ ಬರಲಿಲ್ಲ.

ನಮ್ಮದು ಐತಿಹಾಸಿಕ ಊರು, ಈಗ ನಾಲ್ಕೂ ದಿಕ್ಕಿಗೆ ಬೆಳೆಯುತ್ತಿದೆ. ಎಲೆಕ್ಟ್ರಿಷಿಯನ್‌ಗಳೆಲ್ಲ ಹೊಸ ಬಡಾವಣೆಗಳ ಪಾಲು. ಅಂತೂ ಒಬ್ಬರು ಭಾನುವಾರ ಬರುವುದಾಗಿ ಫೋನಿನಲ್ಲಿ ಒಪ್ಪಿದರು. ಅದೇ ದಿನ ಮಹಡಿಯ ರೂಮು ನೋಡಲು ಬಾಡಿಗೆಯವರೊಬ್ಬರು ಬರುವವರಿದ್ದರು. ಆ ಖಾತೆ ಹೆಂಡತಿಯದು.

ಭಾನುವಾರ ಬಾಗಿಲಲ್ಲಿ ಬ್ಯಾಗು ಹಿಡಿದ ಕನ್ನಡಕದವರೊಬ್ಬರು ಕಂಡರು. ಕೂರಿಸಿ ಸಂದರ್ಶನ ಶುರುಮಾಡಿದೆ.

"ಏನು ಓದಿದೀರಿ?"

"ಎಂ.ಎ. ಸಾರ್, ಇತಿಹಾಸ."

ಗಲಿಬಿಲಿಯಾಯಿತು. ಇರಲಿ, ನಮ್ಮ ವೈರಿಂಗೂ ಐತಿಹಾಸಿಕವೇ!

"ಅನುಭವ?"

"ತುಂಬಾ ಮನೆ ನೋಡಿದೀನಿ ಸಾರ್. ಎಲ್ಲೂ ಗಲಾಟೆಯಾಗಿಲ್ಲ."

"ಬೆಂಕಿ ಗಿಂಕಿ?"

"ಸಿಗರೇಟೂ ಮುಟ್ಟಲ್ಲ ಸಾರ್!"

"ಭೇಷ್! ಏಣಿ ಹತ್ತಿ."

"ಏಣೀನಾ? ಹತ್ತಲೇಬೇಕಾ?"

"ಹತ್ತದೆ ಹೇಗೆ ಗೊತ್ತಾಗುತ್ತೆ?"

ಪಾಪ, ಕಣ್ಣುಮುಚ್ಚಿ ಹತ್ತಿದರು. ನಾನು ಬೆರಳು ತೋರಿಸಿದ ಫ್ಯೂಸನ್ನು ಎಳೆದರು. ಢಬ್! ಫ್ಯೂಸ್ ಬಾಕ್ಸಿನಿಂದ ಕಿಡಿ, ಏಣಿಯಿಂದ ಅವರು, ಅವರ ಕೆಳಗೆ ನಾನು!

"ಈ ಊರಲ್ಲಿ ಬಾಡಿಗೆಗೆ ರೂಮು ಸಿಗೋದು ಕಷ್ಟ ಅಂತ ಗೊತ್ತಿತ್ತು ಸಾರ್," ಎಂದು ಕನ್ನಡಕ ಹುಡುಕುತ್ತ ಗೋಳಾಡಿದರು, "ಇಂಥ ಪರೀಕ್ಷೆ ಇರುತ್ತೆ ಅಂತ ಗೊತ್ತಿರಲಿಲ್ಲ!"

"ರೂಮಾ? ಹಾಗಾದ್ರೆ ಎಲೆಕ್ಟ್ರಿಷಿಯನ್ ಎಲ್ಲಿ?"

ಅಷ್ಟರಲ್ಲಿ ಹೆಂಡತಿ ಬೀಗುತ್ತ ಮಹಡಿಯಿಂದ ಇಳಿದಳು. ಹಿಂದೆ ಒಬ್ಬ ಮನುಷ್ಯ, ಜೇಬಿನಲ್ಲಿ ಟೆಸ್ಟರ್.

"ರೀ, ಇವರು ನೋಡಿದ್ದೇ ಒಪ್ಪಿಬಿಟ್ರು! ಕೀನೂ ಕೊಟ್ಟೆ."

"ಅಯ್ಯೋ, ಅವರು ಎಲೆಕ್ಟ್ರಿಷಿಯನ್ ಕಣೇ!"

"ಹೌದು ಸಾರ್, ಕೆಲಸಕ್ಕೇ ಬಂದೆ," ಎಂದರು ಆತ. "ಗೇಟಲ್ಲೇ ಅಮ್ಮಾವ್ರು ಮೇಲೆ ಕರ್ಕೊಂಡು ಹೋಗಿ ರೂಮು ತೋರಿಸಿದ್ರು. ಈ ಊರಲ್ಲಿ ಕೆಲಸ ಬೇಕಾದಷ್ಟಿದೆ, ರೂಮೇ ಇಲ್ಲ. ಬೇಡ ಅನ್ನೋಕಾಗುತ್ತಾ?"

ಹೋದ ಜೀವ ಬಂದಂತಾಯಿತು. "ಒಳ್ಳೇದೇ ಆಯ್ತು! ಇನ್ನು ಮನೆಯವರೇ ಆದ್ರಿ. ಒಂಚೂರು ಆ ಗೀಸರ್..."

ಆತ ವಿನಯದಿಂದ ಕೈಮುಗಿದರು.

"ರಿಪೇರಿ ಏನಿದ್ರೂ ನಮ್ಮ ಯಜಮಾನ್ರೇ ಮಾಡಿಕೊಡ್ತಾರೆ ಅಂತ ಅಮ್ಮಾವ್ರು ಮಾತು ಕೊಟ್ಟಿದಾರೆ ಸಾರ್. ಮೇಲೆ ಫ್ಯಾನ್ ನಿಂತುಬಿಟ್ಟಿದೆ. ಸ್ವಲ್ಪ ಬೇಗ ಬರ್ತೀರಾ?"