ವಜ್ರಕಾಂತನ ಬೆರಳು

ಧಾರಾವಾಹಿಯ ಕಳೆದ ವಾರದ ಕಂತನ್ನು ಕಮಲೇಶ ಒಂದು ಬೆರಳಿನ ಮೇಲೆ ತಂದು ನಿಲ್ಲಿಸಿದ್ದೇ ಎಲ್ಲ ರಗಳೆಗೂ ಕಾರಣವಾಯಿತು.

ಬೆರಳು ಕ್ಯಾಪ್ಟನ್ ವಜ್ರಕಾಂತನದು. ಮಂಗಳ ಗ್ರಹದಲ್ಲಿ ನೆಲೆಸಿದ ಬಡ ವಲಸಿಗರಿಗೂ ಭೂಮಿಯ ಸೇನೆಗೂ ಯುದ್ಧ. ವಜ್ರಕಾಂತ ವಲಸಿಗರ ಕಡೆಯವನು. ಎದುರಿಗೆ ಬಂದು ನಿಂತ ಶತ್ರುನೌಕೆಯ ನಾಯಕ ಅವನ ಒಡಹುಟ್ಟಿದ ಅಣ್ಣ. ಕ್ಷಿಪಣಿಯ ಗುಂಡಿಯ ಮೇಲೆ ಬೆರಳು. 'ಮುಂದಿನ ವಾರ ಮುಕ್ತಾಯ' ಎಂದು ವಾರಪತ್ರಿಕೆಯವರು ದಪ್ಪಕ್ಷರದಲ್ಲಿ ಅಚ್ಚು ಹಾಕಿಬಿಟ್ಟಿದ್ದರು.

ಮೀನು ಬಂದರಿನ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ದುಡಿಯುವ ಕಮಲೇಶ ಬಿಡುವಾದಾಗಲೆಲ್ಲ ಮೊಬೈಲಿನಲ್ಲಿ ಕುಟ್ಟಿ ಕುಟ್ಟಿ ನಲವತ್ತು ಕಂತು ಬರೆದಿದ್ದ. ಆದರೆ ಅದನ್ನು ಮಂಗಳ ಗ್ರಹದ ಕತೆಯೆಂದು ಓದಿದವರು ಧಕ್ಕೆಯಲ್ಲಿ ಒಬ್ಬರೂ ಇರಲಿಲ್ಲ. ಐದು ವರ್ಷದ ಹಿಂದೆ ಅವನು ಅಣ್ಣ ಮುಖೇಶನ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟಿನಲ್ಲಿ ದುಡಿಯುತ್ತಿದ್ದ. ನಿಷೇಧವಿದ್ದರೂ ಆ ಬೋಟು ರಾತ್ರಿ ಕಡಲಿಗೆ ಲೈಟು ಹಾಕಿ ಮೀನು ಸೆಳೆದು ಹಿಡಿಯುತ್ತದೆಂದು ಸಣ್ಣ ನಾಡದೋಣಿಯವರು ಮೀನುಗಾರರ ಸಂಘಕ್ಕೆ ದೂರು ಕೊಟ್ಟರು. ತುಂಬಿದ ಸಭೆಯಲ್ಲಿ ಕೇಳಿದಾಗ ಕಮಲೇಶ ಎದ್ದು ನಿಂತು, "ಹೌದು, ಲೈಟು ಇತ್ತು" ಎಂದುಬಿಟ್ಟ. ಅವತ್ತು ಮುಚ್ಚಿದ ಅಣ್ಣನ ಮನೆಯ ಬಾಗಿಲು ಮತ್ತೆ ತೆರೆದಿರಲಿಲ್ಲ. ಹೊಳೆಯಾಚೆ ಬೆಂಗ್ರೆಯ ಆ ಮನೆಯಲ್ಲೇ ಅಮ್ಮ ಇದ್ದಳು. ಫೆರಿಯಲ್ಲಿ ಹತ್ತು ನಿಮಿಷದ ದಾರಿ. ಅಮ್ಮನನ್ನು ಅವನು ನೋಡುತ್ತಿದ್ದದ್ದು ಮದುವೆ ಮನೆಗಳಲ್ಲಿ, ದೂರದ ಪಂಕ್ತಿಯಿಂದ.

ಕೊನೆಯ ಕಂತು ಆ ದಿನ ಸಂಜೆ ಐದರೊಳಗೆ ಸಂಪಾದಕ ಇಸಿದೋರ್ ಪೊರ್ಬುಗಳ ಕೈ ಸೇರಬೇಕಿತ್ತು. ಕಮಲೇಶ ಹಲ್ಲುಜ್ಜುವಾಗಲೇ ಹೆಂಡತಿಯ ಅಪ್ಪ ಬೂಬ ಅಂಗಳಕ್ಕೆ ಬಂದ. ನಲವತ್ತು ವರ್ಷ ನಾಡದೋಣಿ ನಡೆಸಿದವನು.

"ಅಳಿಯ, ಗುಂಡಿ ಒತ್ತುವುದಲ್ವಾ?"

"ಯೋಚನೆ ಮಾಡ್ತಾ ಇದ್ದೇನೆ ಮಾವ."

"ಯೋಚನೆ ಎಂತದು ಮಾರಾಯ! ವಲಸಿಗರ ಅನ್ನ ತಿಂದವ ಅವನು. ಒತ್ತಲಿಕ್ಕೇ ಬೇಕು."

ಐಸ್ ಪ್ಲಾಂಟಿಗೆ ಹೋದರೆ ಅಲ್ಲಿ ಮೀನಿನ ಲಾರಿಯ ಇಜಾಝ್ ಕಾಯುತ್ತಿದ್ದ. "ಕಮಲೇಶಣ್ಣ, ನೀವು ಗುಂಡಿ ಒತ್ತಿದ್ರೆ ಮುಖೇಶಣ್ಣನ ಹುಡುಗರು ಇನ್ನು ನಿಮ್ಮಲ್ಲಿ ಐಸ್ ತಗೊಳ್ಳುವುದಿಲ್ಲಂತೆ." ಅದು ಐಸಿಗೆ ಸಾಲು ನಿಂತಿದ್ದ ನಾಡದೋಣಿಯವರ ಕಿವಿಗೆ ಬಿತ್ತು. "ಒತ್ತದಿದ್ರೆ ನಾವು ತಗೊಳ್ಳುವುದಿಲ್ಲ" ಎಂದರು ಅವರು. ಅಲ್ಲೇ ಇದ್ದ ಮುಖೇಶನ ಹುಡುಗರು ತಿರುಗಿಬಿದ್ದರು, ಮಾತಿಗೆ ಮಾತು ಬೆಳೆಯಿತು. ಹತ್ತೂವರೆಗೆಲ್ಲ ಬುಟ್ಟಿಗೆ ಬೀಳಬೇಕಾದ ಪುಡಿ ಐಸು ಎರಡೂ ಪಕ್ಷದವರ ಮುಖಕ್ಕೆ ಬೀಳತೊಡಗಿತ್ತು. ಬಿಡಿಸಲು ಹೋದ ಮೆನೇಜರನ ಕಾಲರಿನೊಳಗೂ ಒಂದು ಮುಷ್ಟಿ ಇಳಿಯಿತು. ಅವನು ಬಲೆಯಲ್ಲಿ ಸಿಕ್ಕ ಏಡಿಯಂತೆ ಕೈಕಾಲು ಆಡಿಸುತ್ತ, "ಕಮಲೇಶ, ಇವತ್ತೇ ಎಂತಾದ್ರೂ ಒಂದು ಮಾಡಿ ಮುಗಿಸು. ಇಲ್ಲದಿದ್ರೆ ನಾಳೆಯಿಂದ ಬರ್ಬೇಡ!" ಎಂದು ಕಿರುಚಿದ.

ಕಮಲೇಶ ಕಂಪ್ರೆಸರಿನ ಹಿಂದೆ ಹೋಗಿ ಕೂತ. ಎರಡು ಗಂಟೆಗೆ ಫೋನು ಬಂತು. ಗುರುತಿಲ್ಲದ ನಂಬರು, ದನಿ ಮಾತ್ರ ಅಮ್ಮನದು.

"ಪಕ್ಕದ ಮನೆಯ ಫೋನು ಮಗಾ. ನಿನ್ನ ಕತೆಯನ್ನು ಇವರ ಮಗಳು ಭವ್ಯಶ್ರೀ ಓದಿ ಹೇಳ್ತಾಳೆ. ಅದರಲ್ಲಿರುವ ಅಣ್ಣ ತಮ್ಮನ ಅಮ್ಮ ಇದ್ದಾಳಾ?"

"ಇದ್ದಾಳೆ ಅಮ್ಮ."

"ಯಾರ ಮನೆಯಲ್ಲಿ?"

ನಲವತ್ತು ಕಂತುಗಳಲ್ಲಿ ಕಮಲೇಶ ಏಳು ಬಗೆಯ ಕ್ಷಿಪಣಿ ಕಂಡುಹಿಡಿದಿದ್ದ. ಈ ಒಂದು ವಿಷಯ ಬರೆದಿರಲಿಲ್ಲ.

ಫೋನಿಟ್ಟ ಮೇಲೆ ಅವನು ತಲೆಯೆತ್ತದೆ ಬರೆದ. ವಜ್ರಕಾಂತ ಬೆರಳು ತೆಗೆದ. ಆಯುಧವಿಲ್ಲದ ಪುಟ್ಟ ದೋಣಿಯೊಂದರಲ್ಲಿ ಒಬ್ಬನೇ ಹೋಗಿ ಅಣ್ಣನ ನೌಕೆಯ ಬಾಗಿಲು ತಟ್ಟಿ, "ಅಮ್ಮ ಹೇಗಿದ್ದಾಳೆ?" ಎಂದು ಕೇಳಿದ. ಅಷ್ಟೇ. ಐದಕ್ಕೆ ಹತ್ತು ನಿಮಿಷವಿರುವಾಗ ಕಂತು ಹೋಯಿತು. ಓದಿ ಕಣ್ಣೊರೆಸಿಕೊಂಡ ಇಸಿದೋರ್ ಪೊರ್ಬುಗಳು ಭಾವಾವೇಶ ತಡೆಯಲಾರದೆ ಕೊನೆಯ ಪುಟವನ್ನು ಪತ್ರಿಕೆಯ ಓದುಗರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು.

ಅರ್ಧ ಗಂಟೆಯಲ್ಲಿ ಮುಖೇಶನ ಫೋನು. ಐದು ವರ್ಷದಲ್ಲಿ ಮೊದಲನೆಯದು.

"ಊಟಕ್ಕೆ ಬಾ."

ಫೆರಿಯ ಕಂಬಿ ಹಿಡಿದು ನಿಂತ ಕಮಲೇಶನಿಗೆ ಹೊಳೆ ಮಂಜುಮಂಜಾಗಿ ಕಂಡಿತು. ಬಾಗಿಲಲ್ಲಿ ಅಮ್ಮ ಅವನ ಕೆನ್ನೆ ಮುಟ್ಟಿದಳು. ಕತ್ತಲಾಗುವ ಮೊದಲೇ ಬಾಳೆಲೆ ಹಾಸಿ, ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ ಬಡಿಸಿದಳು. ಅಣ್ಣ ಪಕ್ಕದಲ್ಲೇ ಕೂತ.

"ಒಳ್ಳೆಯದು ಬರ್ದಿದ್ದಿ," ಎಂದ ಮುಖೇಶ. "ನಾಳೆ ಸಂಘದ ಮೀಟಿಂಗ್ ಉಂಟು. ನಾನು ಅಧ್ಯಕ್ಷಗಿರಿಗೆ ನಿಲ್ತೇನೆ. ಆ ಲೈಟಿನ ಹಳೇ ವಿಷಯ ಖಂಡಿತ ಎತ್ತುತ್ತಾರೆ. ನೀನು ಎದ್ದು ಒಂದು ಮಾತು ಹೇಳಿದ್ರೆ ಸಾಕು."

"ಎಂತ ಹೇಳುವುದು?"

"ಅದೂ ಒಂದು ಕತೆ ಅಂತ. ನೀನು ಕತೆ ಕಟ್ಟುವವ ಅಂತ ಈಗ ಊರಿಗೇ ಗೊತ್ತುಂಟಲ್ಲ. ನಂಬ್ತಾರೆ."

ಕಮಲೇಶ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. ಅಮ್ಮ ಸೌಟು ಹಿಡಿದು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಹೌದೆನ್ನು ಎಂದಿತ್ತೋ ಬೇಡ ಎಂದಿತ್ತೋ ಅವನಿಗೆ ಗೊತ್ತಾಗಲಿಲ್ಲ. ವಜ್ರಕಾಂತನಿಗೆ ಯೋಚಿಸಲು ಒಂದು ವಾರವಾದರೂ ಸಿಕ್ಕಿತ್ತು.

"ಲೈಟು ಇತ್ತು ಅಣ್ಣ," ಎಂದ ಕೊನೆಗೆ, ಎಲೆಯನ್ನೇ ನೋಡುತ್ತ.

ಮುಖೇಶ ಎದ್ದು ಕೈ ತೊಳೆದು ಒಳಗೆ ಹೋದ. ಅಮ್ಮ ಇನ್ನೊಂದು ಹೋಳು ಮೀನು ಬಡಿಸಿದಳು. "ತಿಂದು ಹೋಗು ಮಗಾ," ಎಂದಳು.

ಮರಳಿ ಫೆರಿಯಿಂದ ಇಳಿದಾಗ ದಡದಲ್ಲಿ ಬೂಬ ಕೈಕಟ್ಟಿ ನಿಂತಿದ್ದ. ಹಿಂದೆ ನಾಲ್ಕು ಜನ ನಾಡದೋಣಿಯವರು.

"ಅಣ್ಣನ ಮನೆಯಲ್ಲಿ ಊಟ ಜೋರಾ ಅಳಿಯ? ನಾಳೆ ಸಭೆಯಲ್ಲಿ ಮಾತು ತಿರುಗಿಸಲಿಕ್ಕೆ ಒಪ್ಪಿ ಬಂದಿಯಲ್ಲ?"

"ಇಲ್ಲ ಮಾವ, ದೇವರಾಣೆ! ಲೈಟು ಇತ್ತು ಅಂತ ಅಣ್ಣನ ಮುಖಕ್ಕೇ ಹೇಳಿ ಬಂದೆ. ಎಲೆಯ ಎದುರಿಂದ ಎದ್ದು ಹೋದ ಅವನು."

ಬೂಬ ಅಳಿಯನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಬಂಗುಡೆ ಗಸಿಯ ಪರಿಮಳ ಇನ್ನೂ ಕಮಲೇಶನ ಕೈಯಲ್ಲಿತ್ತು.

"ಕತೆ ನೀನು ಚಂದ ಕಟ್ತಿ," ಎಂದು ಹೇಳಿ ಬೂಬ ತಿರುಗಿ ನಡೆದ. ಉಳಿದ ನಾಲ್ವರೂ ಅವನ ಹಿಂದೆ ಹೋದರು.